ಹುಣಸೂರಿನ ಕನ್ವರ್ಟರ್

ಹುಣಸೂರು ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿಯವರೊಬ್ಬರಿದ್ದರು. ಅವರು ಗಿರಾಕಿಯ ಮಾತನ್ನು ನಂಬುತ್ತಿರಲಿಲ್ಲ. "ಬಾಯಲ್ಲಿ ಯೋಳ್ಬೇಡಿ, ವಸ್ತು ತನ್ನಿ," ಎನ್ನುವರು. ನಟ್ಟು ಕೊಳ್ಳಲು ಹಳೆಯ ನಟ್ಟನ್ನೇ ಒಯ್ಯುವ ಸೀಮೆ ನಮ್ಮದು. ಒಂದು ದಿನ ನಾನು ಅದನ್ನೇ ಮರೆತೆ.

ಬಿಳಿಕೆರೆಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ನನ್ನ ಅಂಗಡಿಗೆ ಹೊಸ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಎಚ್‌ಡಿಎಂಐ ಕಿಂಡಿ, ಹಳೆಯ ಮಾನಿಟರಿನಲ್ಲಿ ವಿಜಿಎ; ನಡುವೆ ಕನ್ವರ್ಟರ್ ಇಲ್ಲದೆ ಎರಡೂ ಕೂಡವು. ಅಂದೇ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ. ಬಾಗಿಲಲ್ಲಿ ತಾಯಂದಿರ ಸಾಲು. ಬಸ್ಸು ಹತ್ತಿ ಹುಣಸೂರಿಗೆ ಹೋಗಿ, "ವಿಜಿಎಯಿಂದ ಎಚ್‌ಡಿಎಂಐಗೆ" ಎಂದು ಬಾಯಲ್ಲೇ ಹೇಳಿ, ಅವರನ್ನು ಅವಸರಪಡಿಸಿ ಕನ್ವರ್ಟರ್ ತಂದು ಸಿಕ್ಕಿಸಿದೆ. ಪರದೆ ಕಪ್ಪಗೇ ಉಳಿಯಿತು.

ಮತ್ತೆ ಹೋದೆ. "ನೀವು ಯೋಳಿದ್ದು ಉಲ್ಟಾ ಕಣ್ರೀ. ಇದ್ರಲ್ಲಿ ಚಿತ್ರ ಆ ಕಡೆಯಿಂದ ಈ ಕಡೆಗೆ ಬತ್ತದೆ, ಈ ಕಡೆಯಿಂದ ಆ ಕಡೆಗೆ ಓಗಕಿಲ್ಲ," ಎಂದರು.

"ಕೂರುತ್ತದೆ, ಆದರೆ ಕೆಲಸ ಮಾಡುವುದಿಲ್ಲ ಅಂದರೆ ಇದ್ಯಾವ ನ್ಯಾಯ?" ಎಂದು ರೇಗಿದೆ.

"ಮಾಡ್ದೋರ್ನ ಕೇಳಿ."

ಸರಿಯಾದದ್ದು ಅಂಗಡಿಯಲ್ಲಿ ಮುಗಿದಿತ್ತು. ಅವರು ತಮ್ಮ ಮಾನಿಟರಿನ ಹಿಂದೆ ಕೈಹಾಕಿ, ಕಣ್ಣುಮುಚ್ಚಿ ತಡಕಿ, ಒಂದನ್ನು ಕಿತ್ತು ಕೊಟ್ಟರು. ಅವರ ಪರದೆ ಆರಿತು.

ಸಂಜೆಯೊಳಗೆ ಅರ್ಜಿಗಳೆಲ್ಲ ಹೋದವು. ವಾರ ಬಿಟ್ಟು ಕನ್ವರ್ಟರ್ ಹಿಂತಿರುಗಿಸಲು ಹೋದರೆ ಅವರ ಮೇಜಿನ ಮೇಲೆ ಹೊಸ ಮಾನಿಟರ್ ಇತ್ತು.

"ಇದ್ರಲ್ಲಿರೋದೂ ಎಚ್‌ಡಿಎಂಐನೇ. ಇನ್ನು ಅದು ಇದ್ಕೆ ಕೂರಕಿಲ್ಲ," ಎಂದರು ಬೇಸರದಿಂದ. "ನೀವೇ ಮಡಿಕಳಿ."