ಬಣ್ಣ ಕಮ್ಮಿ ಎಂದು ಬರೆದ ಅರಿಶಿನ

ಚಾಮರಾಜನಗರದ ಕಡೆ ಇಪ್ಪತ್ತು ವರ್ಷ ಕೂಲಿಗೆ ಅರಿಶಿನ ಬೇಯಿಸಿದ ನಮ್ಮ ಪಕ್ಕದ ಮನೆಯಾಕೆ, ಗುಂಡ್ಲುಪೇಟೆಯ ಹೈವೇ ಬದಿಯಲ್ಲಿ ತನ್ನದೇ ಅರಿಶಿನಪುಡಿಯ ಅಂಗಡಿ ಇಟ್ಟಳು. ಅದು ನಡೆಯದಿದ್ದರೆ ಮತ್ತೆ ಕೂಲಿಯೇ ಗತಿ. ಪ್ಯಾಕೆಟ್ಟಿಗೆ ಅಂಟಿಸಲು ನಾಲ್ಕು ಸಾಲು ಬರೆದುಕೊಡಿ ಎಂದಳು. ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಕೊನೆಗೂ ಕೆಲಸ ಸಿಕ್ಕಿತೆಂದು 'ಪ್ಯೂರ್, ಪ್ರೀಮಿಯಂ, ಗೋಲ್ಡನ್' ಎಂದೆಲ್ಲ ಬರೆದು ಅರ್ಥ ಹೇಳಿದೆ.

"ಇದ್ಯಾರ್ ಅಂಗ್ಡಿದು ಟೀಚರಮ್ಮ? ನಂದಂಗಿಲ್ವಲ್ಲ!" ಎಂದು ನಕ್ಕಳು. "ಈ ಸಲ ವಸಿ ಜಾಸ್ತಿ ಬೆಂದೋಗದೆ. ಬಣ್ಣ ಕಮ್ಮಿ, ಗಮ ಮಾತ್ರ ಚೆನ್ನಾಗದೆ. ಅದ್ನೇ ಬರ್ದ್ಬುಡಿ."

"ಹುಚ್ಚೀ, ಯಾರಾದ್ರೂ ತಮ್ಮ ಮಾಲನ್ನ ತಾವೇ ಹಳೀತಾರೇನೆ?"

"ಬೇಸ್ದೋಳು ನಾನೇ ಏಳ್ದಿದ್ರೆ ಇನ್ಯಾರ್ ಏಳಾರು?"

ಹಾಗೇ ಬರೆದುಕೊಟ್ಟೆ. ಯಾರು ಕೊಳ್ಳುತ್ತಾರೋ ಎಂಬ ಕ್ಯೂರಿಯಾಸಿಟಿಗೆ ಮೊದಲ ದಿನ ಅಂಗಡಿಯಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಮೈಸೂರಿನಿಂದ ಕೇರಳಕ್ಕೆ ಹೊರಟಿದ್ದ ಕಾರಿನಿಂದ ಇಳಿದ ಹೆಂಗಸೊಬ್ಬರು ಲೇಬಲ್ಲನ್ನು ಎರಡು ಸಲ ಓದಿ ನಕ್ಕರು. ಆಮೇಲೆ, ಜಾಸ್ತಿ ಬೆಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು.

"ನೊರೆ ಬಂದು ಗಮ ಎದ್ದೇಟ್ಗೆ ಇಳಿಸ್ಬುಡ್ಬೇಕು ಕಣಕ್ಕಾ. ನಾನು ಫೋನ್ನಲ್ಲಿ ಮಾತಾಡ್ತಾ ನಿಂತ್ಬುಟ್ಟಿದ್ದೆ!"

ಆಕೆ ಎರಡು ಪ್ಯಾಕೆಟ್ ಕೊಂಡರು. ಮುಂದಿನ ಸಲ ಬೇಯಿಸಿದಾಗ ಫೋನ್ ಮಾಡಿ ಎಂದು ನಂಬರ್ ಕೊಟ್ಟುಹೋದರು. ಆಮೇಲೆ ಇನ್ನೂ ಹಲವರು ಹಾಗೇ ಕೊಟ್ಟರು. ಅವಳು ಮತ್ತೆ ಕೂಲಿಗೆ ಹೋಗಲಿಲ್ಲ.

ಮಕ್ಕಳಿಗೆ ಅಷ್ಟು ವರ್ಷ ಕಾಂಪೊಸಿಷನ್ ಕಲಿಸಿದ ನಾನು, ನನಗೆ ಗೊತ್ತಿದ್ದದ್ದನ್ನು ಅಷ್ಟು ನೇರವಾಗಿ ಯಾವತ್ತಾದರೂ ಬರೆದದ್ದುಂಟೇ ಎಂದು ಈಗಲೂ ಯೋಚಿಸುತ್ತೇನೆ.