ತಾಯಿ ಚಿಟ್ಟೆಯ ಮೇಲಿನ ಆರೋಪ

ನಮ್ಮ ಸೋದರತ್ತೆ ರೇಷ್ಮೆ ಮೊಟ್ಟೆ ತಯಾರಿಸುವ ಕಡೆ ಬಹಳ ವರ್ಷ ದುಡಿದವಳು. ಎದುರಿಗೆ ‘ನೀವು’ ಎಂದರೂ, ಬರೆಯುವಾಗ ಅವಳಿಗೆ ಬಹುವಚನ ಕೊಡಲು ಇಂದಿಗೂ ನನಗೆ ಮನಸ್ಸಿಲ್ಲ. ಅಲ್ಲಿ ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಕಂಡರೆ ಅದರ ಮೊಟ್ಟೆಗಳನ್ನೆಲ್ಲ ಸುಡುತ್ತಾರೆ. ಗಂಡು ಚಿಟ್ಟೆಯ ಗೊಡವೆಗೆ ಯಾರೂ ಹೋಗುವುದಿಲ್ಲ. ಹುಳಕ್ಕೆ ಅದು ಸರಿ, ಅಲ್ಲಿ ಆ ರೋಗ ಮೊಟ್ಟೆಗೆ ದಾಟುವುದು ತಾಯಿಯಿಂದಲೇ. ಅತ್ತೆ ಅದನ್ನೇ ಮನುಷ್ಯರಿಗೂ ಅಂಟಿಸಿದಳು.

ಅಕ್ಕ ಸ್ತನ ಕ್ಯಾನ್ಸರಿನಿಂದ ಸತ್ತಳು. ತಿಥಿಯ ದಿನ ಎಲೆ ಮುಂದೆ ಕೂತಿದ್ದ ನೆಂಟರೆದುರಿಗೇ ಅತ್ತೆ, “ರೋಗ ಬರಾದು ತಾಯಿಂದ್ಲೇ ಕಣ್ರವ್ವ. ಇವ್ಳ ರಕ್ತನೇ ಸರಿಯಿಲ್ಲ, ಮಗ್ಳನ್ನ ತಿಂದ್ಕಂಡ್ಬುಟ್ಲು” ಎಂದಳು. ಬಡಿಸುತ್ತಿದ್ದ ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. ಆಮೇಲೆ ಯಾರ ಮನೆಯ ಶುಭಕಾರ್ಯಕ್ಕೂ ಹೋಗಲಿಲ್ಲ. ಆ ಮಾತಿಗೆ ಉತ್ತರ ಕೊಟ್ಟೇ ತೀರುತ್ತೇನೆಂದು ಹಲ್ಲು ಕಚ್ಚಿಕೊಂಡೆ.

ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಅದು. ಕ್ಯಾನ್ಸರನ್ನು ತಡೆಯುವ ಜೀನಿನ ಅಕ್ಷರಗಳನ್ನು ಒಂದೊಂದಾಗಿ ಓದಿ, ಎಲ್ಲಿ ಕೆಟ್ಟಿದೆ ಎಂದು ಗುರುತು ಹಾಕುವುದು. ಆಸ್ಪತ್ರೆಯವರು ಮೇಣದಲ್ಲಿ ಕಾದಿಟ್ಟಿದ್ದ ಅಕ್ಕನ ಗಡ್ಡೆಯ ಚೂರಿನಲ್ಲಿ ತಪ್ಪು ಸಿಕ್ಕಿತು. ನಡುವೆ ಒಂದು ಅಕ್ಷರ ಬಿದ್ದುಹೋಗಿ, ಅಲ್ಲಿಂದಾಚೆಗೆ ಓದೆಲ್ಲ ತಪ್ಪಿ, ತಯಾರಾಗಬೇಕಿದ್ದ ಪ್ರೋಟೀನು ಅರ್ಧಕ್ಕೇ ನಿಂತಿತ್ತು. ವೈದ್ಯರ ಮೂಲಕ ಅಪ್ಪ, ಅಮ್ಮ, ನಾನು ಮೂವರೂ ರಕ್ತ ಕೊಟ್ಟೆವು. ಅಮ್ಮನದು ಚೊಕ್ಕ. ಅಪ್ಪನಲ್ಲಿ ಅದೇ ಜಾಗದಲ್ಲಿ ಅದೇ ತಪ್ಪು. ನನ್ನಲ್ಲೂ ಇತ್ತು. ಹೆದರಬೇಕೆಂದು ಆಮೇಲೆ ಹೊಳೆಯಿತು. ಮೊದಲು ಬಂದದ್ದು ಖುಷಿ.

ಮರುದಿನವೇ ಅತ್ತೆಯ ಊರು ಹೊಂಗನೂರಿನ ಬಸ್ಸು ಹತ್ತಿದೆ. ಅತ್ತೆ ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದಳು.

“ಅತ್ತೆ, ರೋಗ ನಮ್ಮಮ್ಮಂದಲ್ಲ. ನಿಮ್ಮವ್ವ ಹೊಟ್ಟೇಲಿ ಗಡ್ಡೆಯಾಗಿ ಸತ್ರಲ್ಲ, ಇದೇ ಜೀನು ಕೆಟ್ರೆ ಅಂಡಾಶಯದಲ್ಲೂ ಗಡ್ಡೆಯಾಗತ್ತೆ, ಅವ್ರಿಂದ್ಲೇ ಅಪ್ಪಂಗೆ ಬಂದಿರ್ಬೇಕು. ಅಪ್ಪನಿಂದ ಅಕ್ಕಂಗೆ. ನಿಮ್ಗೂ ಇರ್ಬೋದು” ಎಂದೆ.

ಅತ್ತೆಯ ಕೈ ನಿಂತಿತು. “ಹಂಗಾರೆ ನನ್ ಮಗ್ಳಿಗೆ?”

ಈ ಪ್ರಶ್ನೆಗಾಗಿಯೇ ನಾನು ಅಷ್ಟು ದೂರ ಬಂದಿದ್ದೆ. “ಪರೀಕ್ಷೆ ಮಾಡಿಸ್ತೀನಿ. ಮೊದ್ಲು ನೀವು ಅವತ್ತು ಆಡಿದ್ ಮಾತ್ನ ಅಮ್ಮನ್ ಮುಂದೆ ವಾಪಸ್ ತಗೊಳ್ಳಿ.”

ಸೋಮವಾರ ಅತ್ತೆ ಮಗಳನ್ನು ಕರೆದುಕೊಂಡು ಚನ್ನಪಟ್ಟಣದ ನಮ್ಮ ಮನೆಗೆ ಬಂದಳು. ಅಕ್ಕಪಕ್ಕದವರಿಗೂ ಕೇಳುವಂತೆ ಜಗಲಿಯಲ್ಲೇ ನಿಂತು, “ತಪ್ಪಾಯ್ತು ಕಣವ್ವ. ರೋಗ ನಮ್ಮವ್ವಂದೇ” ಎಂದಳು. ಅಮ್ಮ ಅವಳ ಮುಖ ನೋಡಲಿಲ್ಲ. ಹುಡುಗಿಯ ಕೈ ಹಿಡಿದು, “ಇವ್ಳನ್ನ ಇವತ್ತೇ ಆಸ್ಪತ್ರೆಗೆ ಕರ್ಕಂಡೋಗು” ಎಂದು ನನಗೆ ಹೇಳಿದಳು.

ಹೊರಟೆ. ಆ ಹುಡುಗಿಗೆ ಏನೂ ಇಲ್ಲದಿರಲಿ ಎಂದು ಮನಸಾರೆ ಬಯಸಿದೆ. ಹೊರಡುವ ಮುಂಚೆ ಅತ್ತೆ ಬಾಗಿಲಲ್ಲಿ ನಿಂತು, “ಒಸಿ ನೀರು ಕೊಡ್ರವ್ವ” ಎಂದು ಕೇಳಿದ್ದಳು. ಅಮ್ಮನೂ ಕೊಡಲಿಲ್ಲ, ನಾನೂ ಕೊಡಲಿಲ್ಲ.