ಅಮ್ಮನನ್ನು ಕೇಳಿದ ಸಿಸ್ಟರ್

ಕಳೆದ ವಾರ ಅತ್ತಿಗೆಯನ್ನು ಚಾಮರಾಜಪೇಟೆಯ ಆಸ್ಪತ್ರೆಗೆ ಸೇರಿಸಿದಾಗ ಹಾಸಿಗೆಗೆ ರಬ್ಬರ್ ಶೀಟ್ ಬೇಕೆಂದರು. ಮಾಮೂಲ್‌ಪೇಟೆಯ ಅಂಗಡಿಯವನು ಸುರುಳಿ ಬಿಚ್ಚಿ ಕತ್ತರಿಸುವಾಗ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು... ಇಪ್ಪತ್ತು ವರ್ಷಕ್ಕೂ ಹಿಂದಿನ ಹೆಂಗಸರ ವಾರ್ಡು, ಅಲ್ಲಿನ ಹೆಡ್ ಸಿಸ್ಟರ್ ನೆನಪಿಗೆ ಬಂದರು.

ಆಗ ಅದೇ ಆಸ್ಪತ್ರೆಯಲ್ಲಿ ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ತರಗುಪೇಟೆಯ ಬೇಳೆ ಮಂಡಿಯನ್ನು ಗುಮಾಸ್ತನಿಗೆ ಬಿಟ್ಟು ನಾನೇ ಪಕ್ಕದಲ್ಲಿ ಕೂತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟು, ಮೂಟೆ ಹೊತ್ತು ಮೇಲೆ ಬಂದವನು ನಾನು. ಅಮ್ಮನನ್ನು ನೋಡಿಕೊಳ್ಳುವುದರಲ್ಲಿ ಯಾರೂ ಬೆರಳು ತೋರಿಸಬಾರದು ಎಂಬ ಹಟ ನನ್ನದು. ಆದರೆ ಅಮ್ಮ ನೀರೇ ಕುಡಿಯುತ್ತಿರಲಿಲ್ಲ. ಕಾಯಿಸಿದ ನೀರು, ಎಳನೀರು, ಮಜ್ಜಿಗೆ... ಏನು ತಂದರೂ ಒಂದು ಗುಟುಕು, ಅಷ್ಟೇ. ಮೂತ್ರದ ಸೋಂಕಾಗಿ ಜ್ವರ ಏರಿತು. ಹೀಗೇ ಆದರೆ ಕಿಡ್ನಿ ಉಳಿಯುವುದಿಲ್ಲ ಎಂದರು ಡಾಕ್ಟರು.

ಆ ದಿನಗಳಲ್ಲೇ ಸಿಸ್ಟರ್ ಬಂದು, ನರ್ಸುಗಳೆಲ್ಲ ಸೇರಿ ಒಂದು ಸಂಶೋಧನೆ ಮಾಡುತ್ತೇವೆ, ಯಾವುದರ ಬಗ್ಗೆ ಎಂದು ರೋಗಿಗಳೂ ಮನೆಯವರೂ ಹೇಳಬೇಕು ಎಂದರು.

“ನಾನು ಓದಿದವನಲ್ಲ ಸಿಸ್ಟರ್.”

“ಅಮ್ಮನ್ನ ನೋಡ್ಕೊಳ್ತಿರೋದು ನೀವಾ, ನಿಮ್ಮ ಮಾರ್ಕ್ಸ್ ಕಾರ್ಡಾ? ಸುಮ್ನೆ ಕೂತ್ಕೊಳ್ಳಿ. ಮೀಟಿಂಗ್ ಇಲ್ಲೇ, ವಾರ್ಡಲ್ಲೇ. ಮಲಗಿರೋರೂ ಮಾತಾಡ್ಬೇಕಲ್ಲ!”

ಮಂಚಗಳ ನಡುವೆ ಸ್ಟೂಲು ಹಾಕಿದರು. ನರ್ಸಿಂಗ್ ಕಾಲೇಜಿನ ಮೇಡಂ ಗಾಯದ ಡ್ರೆಸ್ಸಿಂಗ್ ಎಂದರು. ನಾನು ಸೊಳ್ಳೆ ಎಂದೆ. ಸಿಸ್ಟರ್ ಅಮ್ಮನ ಕಡೆ ತಿರುಗಿ, “ನಿಮಗೇನಮ್ಮಾ ಕಷ್ಟ?” ಎಂದು ಕೇಳಿದರು.

ಅಮ್ಮ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು.

“ನೀರು ಕುಡಿದ್ರೆ ಹೋಗ್ಬೇಕಾಗುತ್ತೆ. ಇವನಿಗೆ ಹೇಳಿದ್ರೆ ಕಾರಿಡಾರಲ್ಲಿ ನಿಂತು, ಮಂಡೀಲಿ ಕೂಗೋ ಹಾಗೆ ‘ಆಯಾ, ಬೆಡ್‌ಪ್ಯಾನ್!’ ಅಂತ ಕೂಗ್ತಾನೆ. ಗಂಡಸರ ವಾರ್ಡಿಗೂ ಕೇಳ್ಸುತ್ತೆ. ಅದಕ್ಕೇ ಕುಡಿಯೋದೇ ಬಿಟ್ಟೆ ಕಣಮ್ಮ.”

ವಾರ್ಡೆಲ್ಲ ನಕ್ಕಿತು. ಪಕ್ಕದ ಮಂಚದವರು, “ನಾನೂ ಅಷ್ಟೇ ಕಣ್ರೀ” ಎಂದರು. ಗೋಡೆಗೆ ಒರಗಿ ನಿಂತಿದ್ದ ಹುಡುಗಿ ನರ್ಸ್ ಮೆಲ್ಲಗೆ, “ಡ್ಯೂಟೀಲಿ ನಾವೂ ಕುಡಿಯಲ್ಲ ಅಜ್ಜಿ. ಹೋಗೋಕೆ ಪುರುಸೊತ್ತೆಲ್ಲಿ?” ಎಂದಳು. ನಗು ನಿಂತಿತು.

“ಹಾಗಾದ್ರೆ ಮೊದಲು ಇದನ್ನೇ ನೋಡೋಣ,” ಎಂದರು ಸಿಸ್ಟರ್. ಮೇಡಂ ಕೂಡ ತಲೆಯಾಡಿಸಿದರು.

ಮರುದಿನದಿಂದ ಹೊತ್ತುಹೊತ್ತಿಗೆ ಆಯಾ ತಾನಾಗಿಯೇ ಬಂದು ಪರದೆ ಎಳೆಯುತ್ತಿದ್ದಳು. ನಾನು ಕಾಫಿಗೆ ಹೋಗುತ್ತಿದ್ದೆ. ಅಮ್ಮ ನೀರು ಕುಡಿದರು. ಜ್ವರ ಇಳಿಯಿತು.

ಒಂದೆರಡು ವರ್ಷ ಕಳೆದ ಮೇಲೆ ಸಿಸ್ಟರ್ ವಿಳಾಸ ಹುಡುಕಿಕೊಂಡು ಮಂಡಿಗೆ ಬಂದರು, ಏನು ಗೊತ್ತಾಯಿತೆಂದು ಅಮ್ಮನಿಗೆ ಹೇಳಲು. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದರು. ಸಿಸ್ಟರ್ ತೊಗರಿಬೇಳೆ ಮೂಟೆಯ ಮೇಲೆ ಕೂತುಬಿಟ್ಟರು.

“ಈ ಪ್ರಶ್ನೆ ಎತ್ತಿದ್ದು ಅವರು. ಉತ್ತರಾನೂ ಅವರಿಗೇ ಹೇಳ್ಬೇಕಿತ್ತು. ಈಗ ನೀವಾದ್ರೂ ಕೇಳಿಸ್ಕೊಳ್ಳಿ.”

ಕರೆಯುವ ಮೊದಲೇ ಆಯಾ ಬರುವ ವಾರ್ಡುಗಳಲ್ಲಿ ಹೆಂಗಸರು ಧೈರ್ಯವಾಗಿ ನೀರು ಕುಡಿಯುತ್ತಾರೆ, ಆ ಜ್ವರವೂ ಕಡಿಮೆ ಎಂದು, ನನಗೆ ಅರ್ಥವಾಗುವ ಹಾಗೆ ಎಲ್ಲವನ್ನೂ ಹೇಳಿದರು. ನನ್ನ ಹತ್ತಿರ ಏನೇನೋ ಕೇಳಿಕೊಂಡು ಹೋದವರು ಬಹಳ ಜನ. ಉತ್ತರ ಹೇಳಲು ತಿರುಗಿ ಬಂದವರು ಅವರೊಬ್ಬರೇ.

ಮೊನ್ನೆ ಅತ್ತಿಗೆಯ ಪಕ್ಕ ಕೂತಿದ್ದಾಗ, ಯಾರೂ ಕರೆಯದೆಯೇ ಆಯಾ ಬಂದಳು. “ಗಂಡಸರು ಸ್ವಲ್ಪ ಆಚೆ ಇರಿ” ಎಂದು ಪರದೆ ಎಳೆದಳು. ಹೊರಗೆ ಬಂದು ಡ್ಯೂಟಿಯ ನರ್ಸ್ ಹತ್ತಿರ ಸಿಸ್ಟರ್ ಬಗ್ಗೆ ವಿಚಾರಿಸಿದೆ. ಹೋದ ವರ್ಷವೇ ತೀರಿಕೊಂಡರಂತೆ...

ಒಳಗೆ ಅತ್ತಿಗೆ ಇನ್ನೊಂದು ಲೋಟ ನೀರು ಕೇಳುತ್ತಿದ್ದುದು ಕೇಳಿಸಿತು. ಅದನ್ನು ಹೇಳಲು ಈ ಸಲ ನಾನು ಸಿಸ್ಟರನ್ನು ಹುಡುಕಿಕೊಂಡು ಹೋಗಬೇಕಿತ್ತು.